ಮಂಗನ ಕಾಯಿಲೆಯ ನಕ್ಷೆಯನ್ನು ಎಷ್ಟು ನಂಬಬೇಕು?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ದಶಕಗಳ ಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳ ಸಂಕಟವಾಗಿಯೇ ಉಳಿದಿತ್ತು. 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. ಮುಂದೆ ಯಾವ ಊರು? ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ರೂಪಿಸಿರುವ ಅಪಾಯದ ನಕ್ಷೆಗಳು ಇದನ್ನೇ ಮುಂಚಿತವಾಗಿ ಹೇಳಲು ಯತ್ನಿಸುತ್ತವೆ.

ನಕ್ಷೆಯ ಪರವಾದ ವಾದ ಗಟ್ಟಿಯಾಗಿದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ, ಉಣುಗು ಕಚ್ಚಿ ಬರುವಂಥದ್ದು. ಹಾಗಾಗಿ ಜಾಗ ತಿಳಿದರೆ ಅರ್ಧ ಕೆಲಸ ಆದಂತೆ. ಕಾಡು, ತೋಟ, ಗದ್ದೆಗಳು ಹೆಣೆದುಕೊಂಡಿರುವಲ್ಲಿ ಅಪಾಯ ಹೆಚ್ಚು ಎಂದು ಸಂಶೋಧನೆ ತೋರಿಸಿದೆ. ಅಂಥ ಹಳ್ಳಿಗಳಿಗೆ ರೋಗದ ಕಾಲ ಶುರುವಾಗುವ ಡಿಸೆಂಬರ್‌ಗೆ ಮೊದಲೇ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ತಲುಪಿಸಬಹುದು, ಆರೋಗ್ಯ ಕೇಂದ್ರಗಳನ್ನು ಎಚ್ಚರಿಸಬಹುದು. ಇದೇ ರೋಗದಿಂದ ಮಂಗ ಸತ್ತ ಮೇಲೆ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುವ ಹೊತ್ತಿಗೆ ವೈರಾಣು ಉಣುಗುಗಳಲ್ಲಿ ಸೇರಿಕೊಂಡಿರುತ್ತದೆ. ನಿರ್ದಿಷ್ಟ ಔಷಧವಿಲ್ಲ, ಹಳೆಯ ಲಸಿಕೆಯ ಬಳಕೆಯೂ ನಿಂತಿದೆ. ಮುನ್ನೆಚ್ಚರಿಕೆ ಬಿಟ್ಟರೆ ನಮಗಿರುವ ದಾರಿ ಕಡಿಮೆ.

ಆಕ್ಷೇಪಗಳನ್ನೂ ತಳ್ಳಿಹಾಕುವಂತಿಲ್ಲ. ನಕ್ಷೆಗೆ ಆಧಾರ ದಾಖಲಾದ ಪ್ರಕರಣಗಳು. ಜ್ವರ ಬಂದವರ ರಕ್ತ ಪರೀಕ್ಷೆಗೇ ಹೋಗದ ಊರು ಅದರಲ್ಲಿ ಸುರಕ್ಷಿತವೆಂದೇ ಕಾಣುತ್ತದೆ. ಜೊತೆಗೆ, ಕೊಟ್ಟಿಗೆಗೆ ದರಗು ತರಲು ಬೆಟ್ಟ ಹತ್ತುವ ಹೆಂಗಸಿಗೆ ತಾಲ್ಲೂಕಿಡೀ ಬಳಿದ ಕೆಂಪು ಬಣ್ಣದಿಂದ ಏನು ಪ್ರಯೋಜನ? ಎಳ್ಳುಕಾಳಿಗಿಂತ ಚಿಕ್ಕ ಮರಿ ಉಣುಗು ಆ ಒಣಎಲೆಗಳಲ್ಲೇ ಇರುತ್ತದೆ. ಕಾಲಿಗೆ ಹತ್ತಿದ್ದು ಗೊತ್ತೂ ಆಗುವುದಿಲ್ಲ. ಕಾಡಿಗೆ ಹೋಗಬೇಡಿ ಎಂದರೆ ದನಕರು, ತೋಟ ನಡೆಯುವುದಿಲ್ಲ. ರೋಗದ ಪರಿಚಯ ಹಳೆಯದಾದ ಶಿವಮೊಗ್ಗ ಜಿಲ್ಲೆಯಲ್ಲೇ 2018–19ರಲ್ಲಿ ಅರಳಗೋಡು ಭಾಗದ ಹಲವರು ಪ್ರಾಣ ಕಳೆದುಕೊಂಡರು. ಅಪಾಯ ಗೊತ್ತಿರುವುದು ಬೇರೆ, ಎಚ್ಚರಿಕೆ ಮನೆಬಾಗಿಲಿಗೆ ತಲುಪುವುದು ಬೇರೆ.

ಎರಡನ್ನೂ ತೂಗಿ ನೋಡಿದರೆ ನಕ್ಷೆ ಬೇಕೇ ಬೇಕು. ಆದರೆ ಅದು ಕೆಲಸ ಎಲ್ಲಿಂದ ಶುರುಮಾಡಬೇಕು ಎಂದು ಹೇಳಲಿ, ಯಾವ ಊರನ್ನು ಬಿಡಬಹುದು ಎಂದಲ್ಲ. ನಕ್ಷೆಯಲ್ಲಿ ಬಣ್ಣ ತಿಳಿಯಾಗಿದೆ ಎಂಬ ಕಾರಣಕ್ಕೆ ಸತ್ತ ಮಂಗನ ಸುದ್ದಿಯನ್ನಾಗಲಿ, ಜ್ವರದ ರಕ್ತದ ಮಾದರಿಯನ್ನಾಗಲಿ ಕಡೆಗಣಿಸಬಾರದು. ಆ ಸುದ್ದಿ ತರುವವರು ಆಶಾ ಕಾರ್ಯಕರ್ತೆಯರು, ಅರಣ್ಯ ರಕ್ಷಕರು, ಊರಿನವರು. ನಕ್ಷೆಗೆ ಹಾಕುವ ಹಣದ ಜೊತೆಗೇ ಇವರಿಗೂ ಪ್ರಯೋಗಾಲಯಗಳಿಗೂ ಬಲ ತುಂಬುವುದು ಸರ್ಕಾರದ ಹೊಣೆ. ಮಲೆನಾಡಿನವರು ಮಂಗ ಸತ್ತಿದ್ದು ಕಂಡರೆ ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.