‘ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂದರೆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಕಳೆದ ವರ್ಷ ಗುಬ್ಬಿಯ ಒಬ್ಬರು ಮಗಳನ್ನು ಕರೆದುಕೊಂಡು ತುಮಕೂರಿನ ನಮ್ಮ ಮದ್ರಸಕ್ಕೆ ಬಂದಿದ್ದರು. ಹುಡುಗಿಯನ್ನು ಕೇರಳಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನ ಮನೆಯವರು ಹೊಡೆದು ಹೊರಗೆ ಹಾಕಿದ ಮೇಲೆ ಕೈಗೂಸಿನೊಂದಿಗೆ ತವರು ಸೇರಿದ್ದಳು. “ಉಸ್ತಾದ್ರೇ, ಸ್ಟೇಷನ್‌ಗೆ ಹೋದ್ರೆ ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ, ಅಲ್ಲೇ ಹೋಗಿ ಕೊಡಿ ಅಂತಾರೆ” ಎಂದರು ಆ ತಂದೆ. ನಮ್ಮ ಬಳಿಯೂ ಉತ್ತರವಿರಲಿಲ್ಲ. ಆಮೇಲೆ ವಕೀಲರನ್ನು ಕೇಳಿ ತಿಳಿದುಕೊಂಡದ್ದು ಎಲ್ಲರಿಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇವೆ.

2019ರ ಏಪ್ರಿಲ್‌ನಲ್ಲೇ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಗಂಡನ ಮನೆಯ ಕಿರುಕುಳ ತಾಳಲಾಗದೆ ಹೆಣ್ಣು ಎಲ್ಲಿ ಆಶ್ರಯ ಪಡೆದಿದ್ದಾಳೋ ಅಲ್ಲಿನ ಕೋರ್ಟಿಗೂ ಆ ಕೇಸು ನಡೆಸುವ ಅಧಿಕಾರವಿದೆ. ಹೊಡೆತ ಬಿದ್ದದ್ದು ಅಲ್ಲಿಯಾದರೂ ಮನಸ್ಸಿನ ನೋವನ್ನು ಅವಳು ತವರಿನಲ್ಲೂ ಅನುಭವಿಸುತ್ತಿರುತ್ತಾಳೆ ಎಂಬುದು ಅದಕ್ಕೆ ಕಾರಣ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಠಾಣೆಯವರು ದೂರು ತೆಗೆದುಕೊಳ್ಳಬೇಕು. ಇದೇ ಝೀರೋ ಎಫ್‌ಐಆರ್. ವ್ಯಾಪ್ತಿ ಬೇರೆಯಾದರೆ ಕಳಿಸಿಕೊಡುವುದು ಪೊಲೀಸರ ಕೆಲಸ, ಅಲೆಯುವುದು ಹುಡುಗಿಯ ಕೆಲಸವಲ್ಲ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಇನ್ನೊಂದು ಕಡೆಯೂ ಇದೆ. ಕುಣಿಗಲ್‌ನ ಹುಡುಗನ ಮೇಲೆ ದೂರದ ರಾಜ್ಯದಲ್ಲಿ ಕೇಸಾದರೆ ವಯಸ್ಸಾದ ತಂದೆ ತಾಯಿಯ ಹೆಸರೂ ಸೇರಿರುತ್ತದೆ. ಭಾಷೆ ಗೊತ್ತಿಲ್ಲದ ಊರಿನ ಪೊಲೀಸರು ಬಾಗಿಲಿಗೆ ಬಂದರೆ ಅವರ ಗತಿಯೇನು? ಇಂಥದ್ದೇ ವಿವಾದ ಬೆಂಗಳೂರಿನಿಂದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಹೆಂಡತಿ ದೂರು ಕೊಟ್ಟದ್ದು ರಾಜಸ್ಥಾನದ ಚಿರಾವಾ ಠಾಣೆಯಲ್ಲಿ, ಗಂಡ ನಿರೀಕ್ಷಣಾ ಜಾಮೀನು ಪಡೆದದ್ದು ಬೆಂಗಳೂರಿನ ಕೋರ್ಟಿನಲ್ಲಿ. 2023ರ ನವೆಂಬರ್ 20ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಬೇರೆ ರಾಜ್ಯದ ಎಫ್‌ಐಆರ್ ಆದರೂ ಇಲ್ಲಿನ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ತಾತ್ಕಾಲಿಕ ರಕ್ಷಣೆ ಕೊಡಬಹುದು. ಆದರೆ ಅಲ್ಲಿನ ತನಿಖಾಧಿಕಾರಿಗೂ ಸರ್ಕಾರಿ ವಕೀಲರಿಗೂ ನೋಟಿಸ್ ಹೋಗಬೇಕು, ಇಲ್ಲೇ ಯಾಕೆ ಬಂದೆವೆಂಬುದಕ್ಕೆ ತಕ್ಕ ಕಾರಣ ಹೇಳಬೇಕು. ಹಾಗೆ ನೋಟಿಸ್ ಕೊಡದಿದ್ದ ಬೆಂಗಳೂರಿನ ಆದೇಶವನ್ನು ಪೀಠ ರದ್ದು ಮಾಡಿತು. ಗಂಡನಿಗೆ ರಾಜಸ್ಥಾನದ ಕೋರ್ಟಿಗೆ ಹೋಗಲು ನಾಲ್ಕು ವಾರ ಬಿಟ್ಟಿತು. ಎರಡೂ ಕಡೆ ಕೇಳದೆ ತೀರ್ಪು ಕೊಡಬಾರದೆಂದು ನಾವು ಮಕ್ಕಳಿಗೆ ಕಲಿಸುವ ಪಾಠವೂ ಇದೇ ತಾನೆ?

ನಮ್ಮ ಜಮಾಅತ್ ಕಮಿಟಿಗಳಿಗೆ ಒಂದು ಮಾತು. ರಾಜಿ ಮಾಡಿಸುವುದು ಒಳ್ಳೆಯದೇ. ಆದರೆ “ಸ್ವಲ್ಪ ಸಬ್ರ್ ಮಾಡಮ್ಮ” ಎನ್ನುತ್ತಾ ತಿಂಗಳುಗಟ್ಟಲೆ ದೂಡುವುದು ರಾಜಿಯಲ್ಲ. ಅದೇ ರೀತಿ ಗಂಡಿನ ಕಡೆಯವರನ್ನು ಅಲೆದಾಡಿಸಲೆಂದೇ ದೂರದಲ್ಲಿ ದೂರು ಕೊಡಿಸುವವರ ಬೆನ್ನಿಗೂ ನಾವು ನಿಲ್ಲಬಾರದು.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿದೆ. ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ಈ ನಂಬರನ್ನು ಪ್ರತಿ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಬರೆಸೋಣ. ಹೊರರಾಜ್ಯಕ್ಕೆ ನಿಕಾಹ್ ಆಗುವ ದಿನವೇ ಹುಡುಗಿಯ ಕೈಗೂ ಬರೆದುಕೊಡೋಣ.