ಸೈಕಲ್ಲಿಗೆ ಮಾತ್ರ ಕಾಣುವ ಐಹೊಳೆ



ನನ್ನ ತಂಗಿಯ ಮೊಮ್ಮಗ ಶಾಲೆಯ ಶೈಕ್ಷಣಿಕ ಪ್ರವಾಸ ಮುಗಿಸಿಕೊಂಡು ಮೊನ್ನೆ ನಮ್ಮ ಮನೆಗೆ ಬಂದಿದ್ದ. ಎರಡು ಹಗಲು, ಒಂದು ರಾತ್ರಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ವಿಜಯಪುರಗಳನ್ನೆಲ್ಲ ನೋಡಿ ಬಂದಿದ್ದಾನೆ. ಮೊಬೈಲಿನಲ್ಲಿ ನೂರಾರು ಚಿತ್ರಗಳಿದ್ದವು. ಮೇಷ್ಟರ ಹಳೆಯ ಚಾಳಿ ಬಿಡುವುದುಂಟೇ? "ಪಟ್ಟದಕಲ್ಲಿನಲ್ಲಿ ಹೊಳೆ ಯಾವ ದಿಕ್ಕಿಗೆ ಹರಿಯುತ್ತದೆ, ಹೇಳು ನೋಡೋಣ" ಎಂದೆ. ಅವನು ಕಣ್ಣರಳಿಸಿ, "ಅಲ್ಲಿ ಹೊಳಿ ಐತೇನ್ ಅಜ್ಜಾ?" ಎಂದು ನನ್ನನ್ನೇ ಕೇಳಿದ.

ಗುಡಿಗಳ ಬೆನ್ನಿಗೇ ಮಲಪ್ರಭೆ ಇದ್ದಾಳೆ. ಅಲ್ಲಿ ಅವಳು ಉತ್ತರಾಭಿಮುಖವಾಗಿ ಹರಿಯುವುದರಿಂದಲೇ ಆ ಸ್ಥಳಕ್ಕೆ ಪಾವಿತ್ರ್ಯ ಬಂದಿತೆಂಬ ನಂಬಿಕೆಯಿದೆ. ೨೦೧೯ರ ಆಗಸ್ಟಿನಲ್ಲಿ ಅವಳೇ ಉಕ್ಕಿ ಬಂದು ಆ ಗುಡಿಗಳನ್ನು ನೀರಿನಲ್ಲಿ ನಿಲ್ಲಿಸಿದ್ದಳು. ಇಂಥ ನದಿಯೊಂದು ಹುಡುಗನ ಕಣ್ಣಿಗೆ ಬೀಳಲಿಲ್ಲವೆಂದರೆ ತಪ್ಪು ಹುಡುಗನದಲ್ಲ. ಬಸ್ಸು ನಿಲ್ಲುವ ಜಾಗದಿಂದ ಟಿಕೆಟ್ಟಿನ ಕಿಟಕಿಗೆ, ಅಲ್ಲಿಂದ ಗುಡಿಗೆ, ಗುಡಿಯಿಂದ ಮತ್ತೆ ಬಸ್ಸಿಗೆ ಓಡಿಸಿದವರದು. ಕೊಟ್ಟ ಅವಧಿ ನಲವತ್ತು ನಿಮಿಷವಂತೆ!

ಆದ್ದರಿಂದ ಈ ವಯಸ್ಸಿನಲ್ಲಿ ನಿಷ್ಠುರವಾದರೂ ಚಿಂತೆಯಿಲ್ಲವೆಂದು ಹೇಳಿಬಿಡುತ್ತೇನೆ. ಚಾಲುಕ್ಯರ ಈ ಮೂರು ಊರುಗಳನ್ನು ಮಕ್ಕಳಿಗೆ ತೋರಿಸುವುದಾದರೆ ಸೈಕಲ್ಲಿನ ಮೇಲೆ ತೋರಿಸಬೇಕು. ಬಾದಾಮಿಯಿಂದ ಪಟ್ಟದಕಲ್ಲು ೨೨ ಕಿಲೋಮೀಟರು. ಅಲ್ಲಿಂದ ಐಹೊಳೆ ಇನ್ನು ೧೩-೧೪ ಕಿಲೋಮೀಟರು. ಹದಿನಾಲ್ಕು ವರ್ಷದ ಮಕ್ಕಳು ಎರಡು ದಿನದಲ್ಲಿ ನಗುನಗುತ್ತ ತುಳಿಯಬಲ್ಲ ದಾರಿ ಇದು. ಈ ಮಾತನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

೧೯೮೫ರ ಜನವರಿಯಲ್ಲಿ, ಬನದ ಹುಣ್ಣಿಮೆಯ ಜಾತ್ರೆ ಮುಗಿದ ಮೇಲೆ, ಹತ್ತನೆಯ ತರಗತಿಯ ಇಪ್ಪತ್ತೊಂದು ಹುಡುಗರನ್ನು ನಾನು ಈ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಆಗ ಇದು ವಿಜಾಪುರ ಜಿಲ್ಲೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಪಟ್ಟದಕಲ್ಲು ಕೂಡ ಇನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರಲಿಲ್ಲ, ಅದಕ್ಕೆ ೧೯೮೭ರವರೆಗೆ ಕಾಯಬೇಕಾಯಿತು. ಸ್ವಂತ ಸೈಕಲ್ಲಿದ್ದವರು ಒಂಬತ್ತೇ ಜನ. ಉಳಿದವು ತಾಸಿನ ಲೆಕ್ಕದ ಬಾಡಿಗೆಯವು. ಒಂದಕ್ಕೆ ಬೆಲ್ಲಿಲ್ಲ, ಒಂದಕ್ಕೆ ಬ್ರೇಕಿಲ್ಲ. ಕ್ಯಾರಿಯರಿಗೆ ರೊಟ್ಟಿಯ ಬುತ್ತಿ, ನನ್ನ ಸೈಕಲ್ಲಿಗೆ ಹವಾ ಹೊಡೆಯುವ ಪಂಪು ಮತ್ತು ಪಂಕ್ಚರ್ ಸಾಮಾನಿನ ಡಬ್ಬಿ.

ಬೆಳಿಗ್ಗೆ ಗುಹೆಗಳನ್ನು ನೋಡಿದೆವು. ಮೂರನೆಯ ಗುಹೆಯಲ್ಲಿ ಕ್ರಿ.ಶ. ೫೭೮ರ ಮಂಗಳೇಶನ ಶಾಸನವಿದೆ. ಅಲ್ಲಿ ಬೆಟ್ಟವನ್ನೇ ಒಳಗೆ ಕೊರೆದು ದೇವರಿಗೆ ಮನೆ ಮಾಡಿದ್ದಾರೆ. ಊರು ಬಿಟ್ಟು ಏರು ಹತ್ತಿ ಇಳಿಯತೊಡಗಿದಾಗ ಕೆಂಪು ಬಂಡೆಗಳು ಮೆಲ್ಲನೆ ಹಿಂದೆ ಸರಿದವು. ಕಲ್ಲುಮಣ್ಣಿನ ಕೆಂಪು ನೆಲ ಹೋಗಿ ಎರೆಹೊಲ ಬಂತು. ಬಿಳಿಜೋಳ ತೆನೆಹಿಡಿದು ನಿಂತಿತ್ತು, ನಡುವೆ ಕಡಲೆ, ಅಂಚಿಗೆ ಕುಸುಬೆಯ ಹಳದಿ. ಮಹಾಕೂಟದ ಪುಷ್ಕರಣಿಯಲ್ಲಿ ಹುಡುಗರು ದುಮುಕಿ ಈಜಿದರು. ಅಲ್ಲಿದ್ದ ಮಂಗಳೇಶನ ಶಾಸನಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ ಎಂದು ಹೇಳಿದಾಗ ಒಬ್ಬ, "ಕಲ್ಲು ಅಲ್ಲಿ, ಗುಡಿ ಇಲ್ಲಿ, ಹಂಗಾದ್ರ ಓದೂದು ಹ್ಯಾಂಗ್ರಿ ಸರ?" ಎಂದ. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಒಳ್ಳೆಯ ಉತ್ತರವಿಲ್ಲ. ಮುಂದೆ ಒಬ್ಬ ರೈತರು ಹೊಲದಲ್ಲಿ ಕರೆದು ಕೂರಿಸಿ ಸೀತನಿ ಸುಟ್ಟು ಕೊಟ್ಟರು. ಸಂಜೆಯ ಹೊತ್ತಿಗೆ ಜೋಳದ ತೆನೆಗಳ ಮೇಲೆ ಪಟ್ಟದಕಲ್ಲಿನ ಶಿಖರಗಳು ಎದ್ದವು. ದೂರದಿಂದಲೇ ಹುಡುಗರು ಗುರುತಿಸಿದರು: ಬಾಗಿ ಮೇಲೇರಿದ ನಾಗರ ಶಿಖರ ಒಂದು ಬಗೆ, ಅಂತಸ್ತುಗಳಲ್ಲಿ ಏರಿದ ದ್ರಾವಿಡ ಶಿಖರ ಇನ್ನೊಂದು ಬಗೆ. ಗಳಗನಾಥವನ್ನೂ ವಿರೂಪಾಕ್ಷವನ್ನೂ ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದ್ದೆನೋ! ತಲೆಗೆ ಹತ್ತಿದ್ದು ಆ ಸಂಜೆಯೇ.

ಬಾದಾಮಿಯಲ್ಲಿ ಕೊರೆದ ಗುಡಿ, ಪಟ್ಟದಕಲ್ಲಿನಲ್ಲಿ ಕಟ್ಟಿದ ಗುಡಿ. ಈ ಎರಡರ ನಡುವೆ ಇರುವುದು ಆ ದಾರಿ. ಪಟ್ಟದಕಲ್ಲಿನ ಗುಡಿಗಳಿಗೆ ಕಲ್ಲು ಕಡಿದ ಹಳೆಯ ಗಣಿಗಳು ಊರಿನಾಚೆಯ ಗುಡ್ಡದಲ್ಲಿ ಇನ್ನೂ ಇವೆ. ಅಲ್ಲಿಂದ ಚಪ್ಪಡಿಗಳನ್ನು ಸಾಗಿಸಿದವರು ಎಂಥ ಏರು, ಎಂಥ ಇಳುಕಲು ದಾಟಿರಬೇಕೆಂಬುದು ಸೈಕಲ್ ತುಳಿದ ಮೊಣಕಾಲಿಗೆ ಗೊತ್ತಾಗುತ್ತದೆ. ಬಸ್ಸಿನ ಕಿಟಕಿಯಲ್ಲಿ ದಿಬ್ಬವೂ ಒಂದೇ, ಹಳ್ಳವೂ ಒಂದೇ.

ಐಹೊಳೆಯ ಮಾತಂತೂ ಕೇಳಲೇಬೇಡಿ. ಮೇಗುತಿಯ ಗುಡ್ಡದ ಮೇಲೆ ರವಿಕೀರ್ತಿ ಕ್ರಿ.ಶ. ೬೩೪-೩೫ರಲ್ಲಿ ಬರೆಸಿದ ಶಾಸನವಿದೆ, ನಿಜ. ಆದರೆ ಆ ಊರಿನ ಹೆಸರನ್ನು ಹೊರನಾಡುಗಳಿಗೆ ಒಯ್ದವರು ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು. ಎತ್ತು, ಕೋಣ, ಕತ್ತೆಗಳ ಮೇಲೆ ಸರಕು ಹೇರಿ ಊರೂರು ತಿರುಗಿದವರು. ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ಸಿಕ್ಕ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಹೀಗೆ ದಾರಿಯಿಂದಲೇ ದೊಡ್ಡದಾದ ಊರನ್ನು, ದಾರಿಯುದ್ದಕ್ಕೂ ನಿದ್ದೆ ಮಾಡಿಸಿ ಕರೆತಂದ ಮಕ್ಕಳಿಗೆ ತೋರಿಸುತ್ತೇವೆ. ಇದಕ್ಕೆ ಶೈಕ್ಷಣಿಕ ಪ್ರವಾಸವೆಂದು ಹೆಸರು!

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಮುಖ್ಯೋಪಾಧ್ಯಾಯರು. ಈ ಮಾತನ್ನೆತ್ತಿದಾಗ ಅವರು, "ಸರ, ಯಾವ ತಂದೆತಾಯಿ ಒಪ್ಪತಾರ್ರಿ? ಏನರ ಆದ್ರ ಯಾರು ಹೊಣೆ?" ಎಂದರು. ಅವರ ಭಯ ಸುಳ್ಳಲ್ಲ. ಪ್ರವಾಸದ ಕಾಲವೂ ಕಬ್ಬು ನುರಿಸುವ ಕಾಲವೂ ಒಂದೇ. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೊರಡುತ್ತವೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆಯ ಅಂಚು ಗೇಣೆತ್ತರ ನಿಂತಿರುತ್ತದೆ. ಕಾರಿಗೆ ದಾರಿ ಬಿಡಲೆಂದು ಸೈಕಲ್ಲು ಕೆಳಗಿಳಿದರೆ ಬಿದ್ದಂತೆಯೇ. ಇದನ್ನೆಲ್ಲ ಬಲ್ಲೆ. ಆದರೆ ರಸ್ತೆ ಮಕ್ಕಳಿಗೆ ಅಪಾಯಕಾರಿಯಾಗಿದ್ದರೆ ಸರಿಪಡಿಸಬೇಕಾದದ್ದು ರಸ್ತೆಯನ್ನೋ, ಮಕ್ಕಳನ್ನೋ? ಪ್ರವಾಸೋದ್ಯಮದ ಹೆಸರಿನಲ್ಲಿ ರಸ್ತೆ ಅಗಲ ಮಾಡುವವರು ಎರಡೂ ಬದಿಗೆ ಒಂದೊಂದು ಮಾರು ಸಮತಟ್ಟಾದ ಅಂಚು ಬಿಡಲಿ. ದಾರಿಬದಿಯ ಬೇವು, ಹುಣಸೆಗಳನ್ನು ಕಡಿಯದಿರಲಿ. ಕಬ್ಬಿನ ಗಾಡಿಗಳಿಗೆ ಹೊಳೆಯುವ ಪಟ್ಟಿ ಅಂಟಿಸುವುದಕ್ಕೆ ಎಷ್ಟು ಮಹಾ ಖರ್ಚು? ಆ ಅಂಚು ಪ್ರವಾಸಕ್ಕೆ ಹೋಗುವ ಮಕ್ಕಳಿಗೆ ಎರಡು ದಿನ ಬೇಕು, ಹಳ್ಳಿಯಿಂದ ಪ್ರೌಢಶಾಲೆಗೆ ಬರುವ ಮಕ್ಕಳಿಗೆ ವರ್ಷವಿಡೀ ಬೇಕು.

ಈಗ ನನ್ನ ತಪ್ಪಿನ ವಿಷಯ. ಅದನ್ನು ಮುಚ್ಚಿಟ್ಟು ಬೇರೆಯವರಿಗೆ ಬುದ್ಧಿ ಹೇಳುವುದು ಸರಿಯಲ್ಲ. ಆ ಇಪ್ಪತ್ತೊಂದು ಜನರಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ತರಗತಿಯಲ್ಲಿ ಏಳು ಹೆಣ್ಣುಮಕ್ಕಳಿದ್ದರು. ಬರುತ್ತೀರಾ ಎಂದು ನಾನು ಕೇಳಲೇ ಇಲ್ಲ. ಮನೆಯವರು ಒಪ್ಪುವುದಿಲ್ಲವೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಇಂದಿನ ಮುಖ್ಯೋಪಾಧ್ಯಾಯರು ಆಡುವ ಮಾತನ್ನೇ ಅಂದು ನಾನು ಮನಸ್ಸಿನಲ್ಲಿ ಆಡಿಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಗುರುವಂದನೆಯ ದಿನ ಆ ಏಳು ಜನರಲ್ಲಿ ಒಬ್ಬಾಕೆ ಮೊಮ್ಮಗುವನ್ನು ಎತ್ತಿಕೊಂಡು ಬಂದು ನಮಸ್ಕರಿಸಿ, "ಸರ, ನಾ ಇನ್ನೂ ಐಹೊಳಿ ನೋಡಿಲ್ರಿ. ಹುಡುಗರು ಬಂದು ಹೇಳಿದ್ದಷ್ಟ ಕೇಳೀನಿ" ಎಂದಳು. ಅವಳು ನಗುತ್ತಲೇ ಹೇಳಿದಳು. ನನಗೆ ಮಾತ್ರ ಆ ದಿನ ಹಾಕಿದ ಶಾಲು ಭಾರವಾಯಿತು.

೨೦೦೬-೦೭ರಲ್ಲಿ ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ನಾನು ನಿಜವಾಗಿ ಸಂತೋಷಪಟ್ಟವನು. ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಶಾಲೆಗೆ ತುಳಿದುಕೊಂಡು ಬರುವ ದೃಶ್ಯ ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಆದರೆ ಆ ಸೈಕಲ್ಲನ್ನು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂದು ಕಟ್ಟಿಹಾಕಿದೆವು. ಸೈಕಲ್ಲಿಗೆ ಬೇರೆ ದಿಕ್ಕುಗಳೂ ಇವೆಯೆಂದು ಹೇಳಿಕೊಡಲಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ, ಇಂಜಿನಿಯರರಾಗಿದ್ದೀರಿ, ಪಂಚಾಯತಿಯಲ್ಲಿದ್ದೀರಿ. ಬೆಂಗಳೂರಿನಲ್ಲಿರುವ ಕೆಲವರು ಗೇರಿನ ಸೈಕಲ್ ಕೊಂಡು ಭಾನುವಾರ ತುಳಿಯುತ್ತೀರೆಂದೂ ಕೇಳಿದ್ದೇನೆ, ಸಂತೋಷ. ಬರುವ ಜನವರಿಯಲ್ಲಿ ಒಂದು ಶಾಲೆಯಾದರೂ ಹೊರಡಲಿ. ನಸುಕಿನಲ್ಲಿ ಬಾದಾಮಿ ಬಿಡಿ, ಮಧ್ಯಾಹ್ನ ಮಹಾಕೂಟದ ನೆರಳಿನಲ್ಲಿ ಬುತ್ತಿ ಬಿಚ್ಚಿ, ರಾತ್ರಿ ಪಟ್ಟದಕಲ್ಲಿನಲ್ಲಿ ತಂಗಿ, ಮರುದಿನ ಐಹೊಳೆ. ಮುಂದೊಬ್ಬ ಶಿಕ್ಷಕರು, ಹಿಂದೊಬ್ಬ ಶಿಕ್ಷಕಿ ಇರಲಿ, ಪಂಪು ಮರೆಯಬೇಡಿ. ಪಂಕ್ಚರ್ ಸಾಮಾನಿಗೆ ಮತ್ತು ಬಾಡಿಗೆ ಸೈಕಲ್ಲುಗಳಿಗೆ ನನ್ನ ಪಿಂಚಣಿಯಿಂದ ಕೊಡುತ್ತೇನೆ.

ಷರತ್ತು ಒಂದೇ. ಸಾಲಿನ ಮೊದಲ ಸೈಕಲ್ಲು ಹುಡುಗಿಯದಾಗಿರಬೇಕು.