ಚಿತ್ರದ ಹೆಣ್ಣೂ, ಸೂಜಿ ಹಿಡಿದ ಕೈಯೂ

ಎರಡು ಮಹಾಯುದ್ಧಗಳ ನಡುವಣ ಯೂರೋಪಿನ ಫ್ಯಾಷನ್ ಪತ್ರಿಕೆಗಳ ಚಿತ್ರಗಳೆಂದರೆ, "ಅದು ಸಿರಿವಂತರ ಷೋಕಿ, ನಮಗೇಕೆ?" ಎಂದು ಮುಖ ತಿರುಗಿಸುವ ಸಂಗಾತಿಗಳಿದ್ದಾರೆ. ಈ ತಾತ್ಸಾರವನ್ನು ನಾವು ಒಪ್ಪುವುದಿಲ್ಲ. ಹೆಣ್ಣು ಹೇಗಿರಬೇಕೆಂದು ಆ ಸಮಾಜ ಬಯಸಿತೋ ಅದು ಅಲ್ಲಿ ಗೆರೆಗೆರೆಯಲ್ಲೂ ಬರೆದಿದೆ.

ಶತಮಾನದ ಆರಂಭದಲ್ಲಿ ಚಿತ್ರದ ಹೆಣ್ಣಿಗೆ ಬಿಗಿದ ನಡು, ನೆಲ ಗುಡಿಸುವ ಲಂಗ. 1920ರ ದಶಕದಲ್ಲಿ ನಡು ಮಾಯವಾಯಿತು, ಜಡೆಗೆ ಕತ್ತರಿ ಬಿತ್ತು, ಲಂಗ ಮೊಳಕಾಲಿಗೇರಿತು. 1926ರಲ್ಲಿ ಅಮೆರಿಕದ 'ವೋಗ್' ಪತ್ರಿಕೆ ಶನೆಲ್ ಅವರ ಸಾದಾ ಕಪ್ಪು ಉಡುಪಿನ ರೇಖಾಚಿತ್ರ ಅಚ್ಚುಮಾಡಿ, ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು. ಬರ್ಲಿನ್ನಿನ 'ಡೀ ದಾಮೆ' ಪತ್ರಿಕೆಯ 1929ರ ಮುಖಪುಟಕ್ಕೆ ತಮಾರಾ ದ ಲೆಂಪಿಕಾ ಹಸಿರು ಕಾರಿನ ಚಕ್ರ ಹಿಡಿದು ಕುಳಿತ ತಮ್ಮದೇ ಚಿತ್ರ ಬರೆದುಕೊಟ್ಟರು. ಇದು ಸಣ್ಣ ಮಾತಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆ ಕಚೇರಿಗಳಲ್ಲಿ ದುಡಿದ ಹೆಂಗಸರ ಧೈರ್ಯಕ್ಕೆ ಕುಂಚವೂ ತಲೆಬಾಗಿತ್ತು.

ಆದರೆ ಚಿತ್ರವನ್ನೇ ವಿಮೋಚನೆಯೆಂದು ನಂಬಿದವರು ಮೋಸಹೋದರು. ಅದೇ ಜರ್ಮನಿಯಲ್ಲಿ 1933ರಲ್ಲಿ ಹಿಟ್ಲರನ ಸರ್ಕಾರ ಮದುವೆಯಾಗುವವರಿಗೆ 1000 ಮಾರ್ಕಿನವರೆಗೆ ಸಾಲ ಕೊಟ್ಟಿತು. ದುಡಿಯುತ್ತಿದ್ದ ವಧು ನೌಕರಿ ಬಿಡಬೇಕೆಂಬುದು ಷರತ್ತು! ಫ್ಯಾಷನ್ನಿನ ರಾಜಧಾನಿಯೆನಿಸಿದ ಪ್ಯಾರಿಸ್ಸಿನಲ್ಲಿ ಹೆಣ್ಣಿಗೆ ಓಟಿನ ಹಕ್ಕು ದೊರೆತದ್ದು 1944ರಲ್ಲಿ. ಗಂಡನ ಅಡ್ಡಿಯಿಲ್ಲದೆ ಉದ್ಯೋಗ ಹಿಡಿಯುವ ಹಕ್ಕು 1965ರಲ್ಲಿ. ಚಿತ್ರದಲ್ಲಿ ಕಾರು ಓಡಿಸುವವಳು, ಕಾನೂನಿನ ಪುಸ್ತಕದಲ್ಲಿ ಇನ್ನೂ ಗಂಡನ ಅಂಕೆಯವಳು.

ಇನ್ನೂ ಒಂದು ಮಾತು. ಆ ಚಿತ್ರಗಳಲ್ಲಿ ಉಡುಪು ತೊಟ್ಟವಳಿದ್ದಾಳೆ, ಹೊಲಿದವಳಿಲ್ಲ. ಹೊಲಿದವಳು ಸುಮ್ಮನೆ ಕೂತಿರಲಿಲ್ಲ. 1917ರ ಮೇ ತಿಂಗಳಲ್ಲಿ, ಯುದ್ಧ ನಡೆದಿರುವಾಗಲೇ, ಪ್ಯಾರಿಸ್ಸಿನ ಹೊಲಿಗೆಯ ಹೆಣ್ಣುಮಕ್ಕಳು ಸಾವಿರಾರು ಮಂದಿ ಸೂಜಿ ಕೆಳಗಿಟ್ಟು ಬೀದಿಗಿಳಿದರು. ತುಟ್ಟಿಭತ್ಯೆ ಬೇಕು, ಶನಿವಾರ ಮಧ್ಯಾಹ್ನ ಸಂಬಳಸಹಿತ ಬಿಡುವು ಬೇಕು ಎಂದರು. ಜೂನ್ 11ರಂದು ಆ ಬಿಡುವು ಕಾನೂನಾಯಿತು. ಲಂಗದ ಅಂಚನ್ನು ಫ್ಯಾಷನ್ನಿನ ದೊರೆಗಳು ಏರಿಸಿದರು, 1930ರ ಸುಮಾರಿಗೆ ಮತ್ತೆ ಇಳಿಸಿದರು. ಶನಿವಾರದ ಬಿಡುವು ಮಾತ್ರ ಅವರು ದಯಪಾಲಿಸಿದ್ದಲ್ಲ, ಸೂಜಿ ಹಿಡಿದ ಕೈಗಳು ಕಿತ್ತುಕೊಂಡದ್ದು.

ಸಂಗಾತಿಗಳೇ, ಹುಡುಗಿ ಕೂದಲು ಕತ್ತರಿಸಿಕೊಂಡಳೆಂದು ಮೂಗು ಮುರಿಯುವುದನ್ನು ಬಿಡೋಣ. ಅದನ್ನೇ ಕ್ರಾಂತಿಯೆಂದು ಕೊಂಡಾಡುವುದನ್ನೂ ಬಿಡೋಣ. ಅವಳ ಕೈಗೆ ಎಷ್ಟು ಸಂಬಳ ಬರುತ್ತದೆ, ಸಂಘದ ಪುಸ್ತಕದಲ್ಲಿ ಅವಳ ಹೆಸರಿದೆಯೇ ಎಂದು ಕೇಳೋಣ.